ಹಲ್ಲಿನ ಕ್ಲಿಪ್ಪಿಗೆ ಯಾವ ಅಂಟು?

ಮನೆಯಲ್ಲಿ ಹನ್ನೆರಡು ವರ್ಷದ ಮಗುವಿದ್ದರೆ ಹಲ್ಲಿಗೆ ಕ್ಲಿಪ್ ಹಾಕಿಸುವ ಮಾತು ಒಮ್ಮೆ ಬಂದೇ ಬರುತ್ತದೆ. ಎಷ್ಟು ಖರ್ಚು, ಎಷ್ಟು ತಿಂಗಳು ಎಂದು ವಿಚಾರಿಸುತ್ತೇವೆ. ಬ್ರಾಕೆಟನ್ನು ಹಲ್ಲಿಗೆ ಹಿಡಿದಿಡುವ ಅಂಟು ಯಾವುದೆಂದು ಯಾರೂ ಕೇಳುವುದಿಲ್ಲ. ಆದರೆ ಬ್ರಾಕೆಟ್ ಪದೇ ಪದೇ ಕಿತ್ತುಬಂದರೆ ಚಿಕಿತ್ಸೆ ಉದ್ದವಾಗುತ್ತದೆ. ಅದರ ಸುತ್ತ ಹಲ್ಲು ಸವೆದರೆ, ಕ್ಲಿಪ್ ತೆಗೆದ ಮೇಲೆ ಬಿಳಿ ಕಲೆ ಉಳಿಯುತ್ತದೆ.

ಹಿಂದೆ ಪ್ರತಿ ಹಲ್ಲಿಗೂ ಲೋಹದ ಪಟ್ಟಿ ತೊಡಿಸುತ್ತಿದ್ದರು. ಫಾಸ್ಫಾರಿಕ್ ಆಸಿಡ್ ಹಚ್ಚಿದ ಎನಾಮೆಲ್ಲಿಗೆ ಅಂಟು ಗಟ್ಟಿಯಾಗಿ ಕೂರುತ್ತದೆಂದು ಅಮೆರಿಕದ ಮೈಕೆಲ್ ಬ್ಯೂನೊಕೋರ್ 1955ರಲ್ಲಿ ತೋರಿಸಿದ ಮೇಲೆ ದಾರಿ ತೆರೆಯಿತು.

ಇಂದು ಹೆಚ್ಚು ಬಳಕೆಯಲ್ಲಿರುವುದು ಕಾಂಪೊಸಿಟ್ ರೆಸಿನ್. ಸುಮಾರು 37 ಶೇಕಡಾ ಆಸಿಡನ್ನು 15ರಿಂದ 30 ಸೆಕೆಂಡ್ ಹಚ್ಚಿ, ತೊಳೆದು, ಒಣಗಿಸಿ, ಪ್ರೈಮರ್ ಬಳಿದು, ಬ್ರಾಕೆಟ್ ಕೂರಿಸಿ ನೀಲಿ ಬೆಳಕು ಬಿಡುತ್ತಾರೆ. ಹಿಡಿತ ಬಲವಾದದ್ದು, ಆದರೆ ನಡುವೆ ಎಂಜಲು ತಗುಲಿದರೆ ಕೆಲಸ ಕೆಟ್ಟಿತು.

ಇನ್ನೊಂದು, ರೆಸಿನ್ ಬೆರೆಸಿದ ಗ್ಲಾಸ್ ಅಯನೋಮರ್. ಇದು ತೇವವನ್ನು ಸಹಿಸುತ್ತದೆ, ಫ್ಲೋರೈಡ್ ಬಿಡುತ್ತದೆ. ಹಿಡಿತ ಸಾಮಾನ್ಯವಾಗಿ ಕಾಂಪೊಸಿಟ್‌ಗಿಂತ ಕಡಿಮೆ. ಒಣಗಿಸಿಡಲು ಕಷ್ಟವಾದ ಹಿಂದಿನ ಹಲ್ಲುಗಳಿಗೆ, ಹುಳುಕಿನ ಭಯವಿರುವ ಮಕ್ಕಳಿಗೆ ಯೋಚಿಸಬಹುದಾದದ್ದು. ಫ್ಲೋರೈಡ್ ಮೊದಲ ದಿನಗಳಲ್ಲಿ ಹೆಚ್ಚು ಬಂದು ಆಮೇಲೆ ಇಳಿಯುತ್ತದೆ. ಅದನ್ನು ನಂಬಿ ಬ್ರಷ್ ಬಿಡುವಂತಿಲ್ಲ.

ಹಾಗಾದರೆ ಅತಿ ಗಟ್ಟಿಯಾದದ್ದೇ ಒಳ್ಳೆಯದೇ? ಅಲ್ಲ. 6ರಿಂದ 8 ಮೆಗಾಪ್ಯಾಸ್ಕಲ್, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 60ರಿಂದ 80 ಕೆ.ಜಿ. ತಡೆದರೆ ಸಾಕೆಂಬ ಲೆಕ್ಕ 1975ರಿಂದಲೂ ಇದೆ. ಈ ಅಂಟು ಒಂದು ದಿನ ಬಿಡಲೇಬೇಕಾದದ್ದು. ಅತಿಯಾಗಿ ಕಚ್ಚಿಕೊಂಡರೆ ಕೀಳುವಾಗ ಎನಾಮೆಲ್ಲಿಗೇ ಪೆಟ್ಟು. ಸೆರಾಮಿಕ್ ಬ್ರಾಕೆಟ್ಟಿನಲ್ಲಿ ಈ ಭಯ ಹೆಚ್ಚು.

ವೈದ್ಯರನ್ನು ಕೇಳಿ: ಯಾವ ಅಂಟು, ಯಾಕೆ? ಕಿತ್ತುಬಂದರೆ ಮತ್ತೆ ಕೂರಿಸಲು ಬೇರೆ ಹಣವೇ? ತ್ರಿಪ್ಲಿಕೇನಿನವರಿಗೆ ಇನ್ನೊಂದು ಮಾತು: ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಕೋಟೆ ರೈಲು ನಿಲ್ದಾಣದ ಎದುರಿಗಿದೆ, ತಿರುವಲ್ಲಿಕ್ಕೇಣಿಯಿಂದ ನಾಲ್ಕನೇ ನಿಲ್ದಾಣ. ಖಾಸಗಿ ಖರ್ಚು ಭಾರವೆನಿಸಿದರೆ ಮೊದಲು ಅಲ್ಲಿ ವಿಚಾರಿಸಿ.

ಊರಿಂದ ಬಂದ ಕೋಡುಬಳೆ, ಚಕ್ಕುಲಿ ಡಬ್ಬ ಸದ್ಯಕ್ಕೆ ಅಟ್ಟದ ಮೇಲಿರಲಿ. ಬ್ರಾಕೆಟ್ ಬಿಟ್ಟರೆ ಮನೆಯ ಫೆವಿಕ್ವಿಕ್ ಮುಟ್ಟಬೇಡಿ. ಬಿದ್ದ ಚೂರನ್ನು ಜೋಪಾನವಾಗಿಟ್ಟು ಕ್ಲಿನಿಕ್ಕಿಗೆ ಫೋನ್ ಮಾಡಿ.