ಸಿಪ್ಪೆಯ ಘಾಟಿಗೂ ಒಂದು ಲೆಕ್ಕ ಬೇಕು

ಕಿತ್ತಳೆ ಸುಲಿಯುವಾಗ ಕಣ್ಣಿಗೆ ಚಿಮ್ಮಿ ಉರಿಸುವ ಎಣ್ಣೆಯಲ್ಲಿ ಶೇ 90ಕ್ಕೂ ಹೆಚ್ಚು ಪಾಲು ಲಿಮೊನೀನ್. ನೆಲ ಒರೆಸುವ ದ್ರಾವಣದಿಂದ ಸಾಬೂನಿನವರೆಗೆ, ‘ನೈಸರ್ಗಿಕ’ ಎಂಬ ಹಣೆಪಟ್ಟಿ ಹೊತ್ತು ಅದು ಮನೆ ಸೇರುತ್ತದೆ. ತಾಜಾ ಇರುವಾಗ ಚರ್ಮಕ್ಕೆ ಅಷ್ಟೇನೂ ಕಾಟವಿಲ್ಲ. ತೆರೆದಿಟ್ಟ ಸೀಸೆಯಲ್ಲಿ ಗಾಳಿಯ ಆಮ್ಲಜನಕದೊಡನೆ ಸೇರಿ ಹೈಡ್ರೋಪೆರಾಕ್ಸೈಡ್ ಆದಾಗ ಅಲರ್ಜಿ ಶುರು. ಹಚ್ಚಿಕೊಂಡು ತೊಳೆಯದೆ ಬಿಡುವ ಪ್ರಸಾಧನಗಳಲ್ಲಿ ಲಿಮೊನೀನ್ ಪ್ರಮಾಣ ಶೇ 0.001 ಮೀರಿದರೆ ಹೆಸರು ಮುದ್ರಿಸಬೇಕೆಂದು ಐರೋಪ್ಯ ಒಕ್ಕೂಟದ ನಿಯಮ ಹೇಳುತ್ತದೆ. ಒಳ್ಳೆಯದೇ. ಆದರೆ ಬಚ್ಚಲಿನ ಮೂಲೆಯ ಸೀಸೆ ತೆರೆದು ಎಷ್ಟು ತಿಂಗಳಾಯಿತು ಎಂಬುದನ್ನು ಯಾವ ಲೇಬಲ್ಲೂ ಹೇಳದು.

ಸೂಕ್ಷ್ಮಜೀವಿಗಳ ವರಸೆ ಬೇರೆ. ರೋಡೋಕಾಕಸ್ ಕುಲದ ಕೆಲವು ಬ್ಯಾಕ್ಟೀರಿಯಾಗಳಿಗೆ ಲಿಮೊನೀನೇ ಊಟ. ಮೊದಲು ಎಪಾಕ್ಸೈಡ್ ಮಾಡಿ, ನೀರು ಸೇರಿಸಿ, ಹಂತಹಂತವಾಗಿ ಒಡೆದು ಅರಗಿಸಿಕೊಳ್ಳುತ್ತವೆ. ಹಣ್ಣನ್ನು ಕೊಳೆಸುವ ಹಸಿರು ಬೂಷ್ಟೂ ಕಡಿಮೆಯದಲ್ಲ, ಅದು ಇದನ್ನು ಹೂವಿನ ಪರಿಮಳದ ಟರ್ಪಿನಿಯಾಲ್ ಆಗಿ ಮಾರ್ಪಡಿಸಬಲ್ಲದು! ಗಾಳಿಯಾಡದ ಬಯೋಗ್ಯಾಸ್ ತೊಟ್ಟಿಯಲ್ಲಿ ಮಾತ್ರ ಕಥೆ ತಿರುವುಮುರುವು. ಲಿಮೊನೀನ್ ಹೆಚ್ಚಾದರೆ ಮೀಥೇನ್ ಉಂಟುಮಾಡುವ ಜೀವಿಗಳೇ ನಲುಗಿ ಅನಿಲ ಇಳಿಯುತ್ತದೆ. ಜ್ಯೂಸ್ ಅಂಗಡಿಗಳ ಸಿಪ್ಪೆಯನ್ನು ಹಸಿಕಸವೆಂದು ಕಣ್ಣುಮುಚ್ಚಿ ತೊಟ್ಟಿಗೆ ಸುರಿಯುವ ಪುರಸಭೆಗಳು ಇದನ್ನು ಗಮನಿಸಬೇಕು. ಎಣ್ಣೆ ತೆಗೆದ ಮೇಲೆ ತೊಟ್ಟಿಗೆ ಹಾಕಲಿ, ಅದಾಗದಿದ್ದರೆ ಗಾಳಿಯಾಡುವ ಗೊಬ್ಬರದ ಗುಂಡಿಗೆ ಕಳಿಸಲಿ.