ಸಾಯದ ಪ್ರೋಟಾನೂ ತಿದ್ದಿದ ಅಂಕಿಯೂ

ಕಳೆದ ವಾರ ಒಂದು ಸಂಜೆ ನೆರೆಮನೆಯ ಹುಡುಗ ತನ್ನ ಪ್ರಯೋಗ ಪುಸ್ತಕ ಹಿಡಿದುಕೊಂಡು ನಮ್ಮ ಮನೆಗೆ ಬಂದ. ಪ್ರಥಮ ಪಿಯುಸಿ ವಿಜ್ಞಾನ ಓದುತ್ತಿರುವವನು. ಸರಳ ಲೋಲಕದಿಂದ ಗುರುತ್ವ ವೇಗೋತ್ಕರ್ಷವನ್ನು ಕಂಡುಹಿಡಿಯುವ ಪ್ರಯೋಗ. ಒಂದು ಮೀಟರ್ ಉದ್ದದ ಲೋಲಕ ಇಪ್ಪತ್ತು ಬಾರಿ ತೂಗಲು 40.5 ಸೆಕೆಂಡು ತೆಗೆದುಕೊಂಡಿತ್ತು. ಲೆಕ್ಕ ಹಾಕಿದರೆ ಉತ್ತರ 9.6. "ತಾತ, 9.8 ಬರಬೇಕಲ್ಲ? 40.5 ಅನ್ನು 40.1 ಅಂತ ತಿದ್ದಿಬಿಡಲಾ?" ಎಂದು ಕೇಳಿದ.

ಅವನನ್ನು ಗದರಿಸಲು ನನಗೆ ನಾಲಿಗೆ ಏಳಲಿಲ್ಲ. ಅಧ್ಯಾಪಕನಾಗಿದ್ದಾಗ ನಾನೂ ಇದನ್ನೇ ಕಲಿಸಿದವನು. ಕಂಡದ್ದನ್ನು ಕಂಡಂತೆ ಬರೆದ ಮಗುವಿನ ಪುಟಕ್ಕೆ ಕೆಂಪು ಶಾಯಿಯ ಗೆರೆ ಎಳೆದಿದ್ದೇನೆ. ಪಠ್ಯಪುಸ್ತಕದ ಉತ್ತರಕ್ಕೆ ಹೊಂದುವಂತೆ ಅಂಕಿ ಜೋಡಿಸಿದ ಜಾಣನಿಗೆ ಪೂರ್ಣ ಅಂಕ ಕೊಟ್ಟಿದ್ದೇನೆ. ಉತ್ತರ ಕೂಡಿಬಾರದ ಪ್ರಯೋಗ ಸೋತ ಪ್ರಯೋಗ ಎಂಬುದು ನನ್ನ ನಂಬಿಕೆಯಾಗಿತ್ತು. ಈ ನಂಬಿಕೆ ತಪ್ಪೆಂದು ಸಾರುವ ಬಹುದೊಡ್ಡ ಪ್ರಯೋಗವೊಂದು ನಮ್ಮ ರಾಜ್ಯದಲ್ಲೇ ನಡೆದಿತ್ತು. ಅದನ್ನು ಒಂದು ದಿನವಾದರೂ ತರಗತಿಯಲ್ಲಿ ಹೇಳಲಿಲ್ಲವಲ್ಲ ಎಂಬ ಕೊರಗು ನನ್ನನ್ನು ಈಗ ಕಾಡುತ್ತಿದೆ.

ಮಾದನಾಯಕನಹಳ್ಳಿಯಿಂದ ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದಲ್ಲಿರುವ ಕೋಲಾರ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಅಲ್ಲಿ ಚಿನ್ನದ ಜೊತೆಗೆ ಮೂಲಕಣಗಳನ್ನೂ ಹುಡುಕಿದ್ದರೆಂಬುದು ಬಹುಮಂದಿಗೆ ತಿಳಿಯದು. ನಂಜನಗೂಡಿನ ಸಮೀಪ ಜನಿಸಿದ ಬಿ. ವಿ. ಶ್ರೀಕಂಠನ್, ಎಂ. ಜಿ. ಕೆ. ಮೆನನ್ ಮೊದಲಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು, ಜಪಾನ್ ಮತ್ತು ಇಂಗ್ಲೆಂಡಿನವರೊಡನೆ ಸೇರಿ ನೆಲದಾಳದಲ್ಲಿ ಉಪಕರಣಗಳನ್ನಿಟ್ಟು ಕಾದರು. ವಿಶ್ವಕಿರಣಗಳು ವಾಯುಮಂಡಲಕ್ಕೆ ಬಡಿದಾಗ ಹುಟ್ಟುವ ನ್ಯೂಟ್ರಿನೋಗಳ ಗುರುತನ್ನು 1965ರಲ್ಲಿ ಜಗತ್ತಿನಲ್ಲೇ ಮೊದಲು ಕಂಡ ಎರಡು ತಂಡಗಳಲ್ಲಿ ಇದೊಂದು. ಇನ್ನೊಂದು ದಕ್ಷಿಣ ಆಫ್ರಿಕದ ಚಿನ್ನದ ಗಣಿಯಲ್ಲಿತ್ತು.

1974ರಲ್ಲಿ ಜಾರ್ಜೈ ಮತ್ತು ಗ್ಲಾಷೋ ಎಂಬ ಸಿದ್ಧಾಂತಿಗಳು ಒಂದು ವಿಚಿತ್ರ ಮಾತನ್ನು ಹೇಳಿದರು. ಅಮರವೆಂದು ನಾವು ನಂಬಿದ್ದ ಪ್ರೋಟಾನು ಕೂಡ ಎಂದಾದರೊಂದು ದಿನ ಕ್ಷಯಿಸಬೇಕು. ಅಂದಿನ ಲೆಕ್ಕಗಳ ಪ್ರಕಾರ ಅದರ ಸರಾಸರಿ ಆಯುಷ್ಯ 1ರ ಮುಂದೆ ಮೂವತ್ತೋ ಮೂವತ್ತೊಂದೋ ಸೊನ್ನೆಗಳಷ್ಟು ವರ್ಷ. ವಿಶ್ವದ ವಯಸ್ಸೇ 1380 ಕೋಟಿ ವರ್ಷವಾಗಿರುವಾಗ ಇದನ್ನು ಪರೀಕ್ಷಿಸುವುದೆಂತು? ಉಪಾಯ ಸರಳ. ಕಣಕ್ಕೆ ಮುಪ್ಪೆಂಬುದಿಲ್ಲ, ಯಾವುದು ಯಾವ ಕ್ಷಣದಲ್ಲಿ ಸಾಯುವುದೋ ಹೇಳಲಾಗದು. ಆದ್ದರಿಂದ ಒಂದೇ ಕಣವನ್ನು ಅನಂತಕಾಲ ಕಾಯುವ ಬದಲು ಅಸಂಖ್ಯ ಕಣಗಳನ್ನು ಕೆಲವು ವರ್ಷ ಕಾದರೆ ಸಾಕು.

1980ರಲ್ಲಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ 140 ಟನ್ ತೂಕದ, ಬಹುಪಾಲು ಕಬ್ಬಿಣದ ಉಪಕರಣ ಸಜ್ಜಾಯಿತು. ಅಷ್ಟು ಕಬ್ಬಿಣದಲ್ಲಿ ಪ್ರೋಟಾನು, ನ್ಯೂಟ್ರಾನುಗಳು ಸೇರಿ ಸುಮಾರು 8ರ ಮುಂದೆ 31 ಸೊನ್ನೆಗಳಷ್ಟು ಕಣಗಳಿರುತ್ತವೆ. ಆಯುಷ್ಯ 1ರ ಮುಂದೆ 31 ಸೊನ್ನೆಗಳಷ್ಟು ವರ್ಷವಾದರೆ, ವರ್ಷಕ್ಕೆ ಎಂಟರ ಆಸುಪಾಸು ಸಾವುಗಳು. ಹೈಸ್ಕೂಲಿನ ಹುಡುಗನೂ ಮಾಡಬಲ್ಲ ಭಾಗಾಕಾರ!

ಪ್ರೋಟಾನಿನ ಕ್ಷಯವಿರಬಹುದಾದ ಕೆಲವು ಗುರುತುಗಳನ್ನು ಕೋಲಾರದ ತಂಡ 1981ರಲ್ಲಿ ಪ್ರಕಟಿಸಿತು. ಆದರೆ ಅದಕ್ಕಿಂತ ದೊಡ್ಡದಾದ ಅಮೆರಿಕದ ಮತ್ತು ಜಪಾನಿನ ನೀರಿನ ತೊಟ್ಟಿಗಳಲ್ಲಿ ಅದು ಕಾಣಲಿಲ್ಲ. ಜಪಾನಿನ 50,000 ಟನ್ ನೀರಿನ ಸೂಪರ್ ಕಾಮಿಯೋಕಾಂಡೆ 1996ರಿಂದ ಕಾಯುತ್ತಿದ್ದರೂ ಒಂದು ಪ್ರೋಟಾನೂ ಸತ್ತದ್ದು ದೃಢಪಟ್ಟಿಲ್ಲ. ಮುಖ್ಯ ಬಗೆಯ ಕ್ಷಯಕ್ಕೆ ಆಯುಷ್ಯ 1ರ ಮುಂದೆ 34 ಸೊನ್ನೆಗಳಷ್ಟು ವರ್ಷಕ್ಕಿಂತಲೂ ಹೆಚ್ಚಿರಬೇಕೆಂದು ಇಂದು ತಿಳಿದಿದೆ. ಮೊದಲಿನ ಸರಳ ಸಿದ್ಧಾಂತ ಬಿದ್ದುಹೋಯಿತು.

ಹಾಗಾದರೆ ಇದೆಲ್ಲ ವ್ಯರ್ಥವೇ? ಅಲ್ಲ. ಪ್ರೋಟಾನಿನ ಸಾವಿಗೆ ಕಾದವರಿಗೆ ಬಹುದೊಡ್ಡ ತೊಡಕಾಗಿದ್ದವು ವಾಯುಮಂಡಲದ ನ್ಯೂಟ್ರಿನೋಗಳು, ಅಂದರೆ 1965ರಲ್ಲಿ ಕೋಲಾರ ಕಂಡಿದ್ದವೇ. ಉಪಕರಣದೊಳಗೆ ಅವು ಡಿಕ್ಕಿ ಹೊಡೆದರೆ ಕ್ಷಯದಂತೆಯೇ ತೋರುತ್ತದೆ. ಆ ತೊಡಕನ್ನು ಎಣಿಸಹೊರಟಾಗ ಲೆಕ್ಕ ಕೂಡಲಿಲ್ಲ; ನಿರೀಕ್ಷೆಗಿಂತ ಕಡಿಮೆ ಬಂತು. ಅವರು ಅಂಕಿ ತಿದ್ದಲಿಲ್ಲ. ನ್ಯೂಟ್ರಿನೋ ದಾರಿಯಲ್ಲಿ ತನ್ನ ಬಗೆ ಬದಲಿಸುತ್ತದೆ, ಆದ್ದರಿಂದ ಅದಕ್ಕೆ ದ್ರವ್ಯರಾಶಿ ಇದೆ ಎಂದು 1998ರಲ್ಲಿ ಸಿದ್ಧವಾಯಿತು. 2015ರಲ್ಲಿ ಕಾಜಿಟಾ ಅವರಿಗೆ ನೊಬೆಲ್ ಪುರಸ್ಕಾರದ ಪಾಲು ದೊರೆತದ್ದು ಇದಕ್ಕಾಗಿಯೇ.

ಇಂಥ ಮುನ್ಸೂಚನೆಗಳನ್ನೇ ಜೀವನದ ಕಾಯಕ ಮಾಡಿಕೊಂಡವರೊಬ್ಬರು ಬೆಂಗಳೂರಿನಲ್ಲಿದ್ದರು. ರೋಹಿಣಿ ಗೋಡ್ಬೋಲೆ 1995ರಿಂದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದು, 2024ರ ಅಕ್ಟೋಬರಿನಲ್ಲಿ ತೀರಿಕೊಂಡರು. ಕಣಗಳ ಡಿಕ್ಕಿಯಲ್ಲಿ ಯಾವ ಹೊಸ ಕಣ ಎಷ್ಟು ಹುಟ್ಟೀತು, ಅದು ಒಡೆದು ಏನಾದೀತು ಎಂದು ಮುಂಚಿತವಾಗಿ ಲೆಕ್ಕ ಹಾಕುವುದು ಅವರ ಕ್ಷೇತ್ರ. ಹಿಗ್ಸ್ ಕಣವನ್ನೇ ನೋಡಿ. ಸಾವಿರ ಹಿಗ್ಸ್ ಕಣಗಳು ಹುಟ್ಟಿದರೆ ಸುಮಾರು 580 ಬಾಟಮ್ ಕ್ವಾರ್ಕ್ ಜೋಡಿಗಳಾಗಿ ಒಡೆಯುತ್ತವೆ. ಬೆಳಕಿನ ಎರಡು ಕಣಗಳಾಗುವುದು ಎರಡೋ ಮೂರೋ ಮಾತ್ರ. ಆದರೆ ಆ ವಿರಳ ಗುರುತು ಸಂತೆಯ ಗದ್ದಲದಲ್ಲಿ ಶಂಖದ ಧ್ವನಿಯಂತೆ ಸ್ಪಷ್ಟ. ಅಲ್ಲೇ ಹುಡುಕಿ ಎಂದು ಸಿದ್ಧಾಂತಿಗಳು ಹೇಳಿದ್ದರು. 2012ರ ಜುಲೈ 4ರಂದು ಹಿಗ್ಸ್ ಸಿಕ್ಕಿದೆಯೆಂದು ಸಾರಲು ಆ ಗುರುತೂ ಆಧಾರವಾಯಿತು. ಇದೇ ಗೋಡ್ಬೋಲೆಯವರು ಇಬ್ಬರು ಸಹಲೇಖಕರೊಡನೆ 2004ರಲ್ಲಿ ದೊಡ್ಡ ಗ್ರಂಥ ಬರೆದದ್ದು ಅತಿಸಮ್ಮಿತಿಯ ಕಣಗಳ ಬಗ್ಗೆ. ಅವು ಇದುವರೆಗೂ ಸಿಕ್ಕಿಲ್ಲ. ಒಂದು ಸಿಕ್ಕಿತು, ಇನ್ನೊಂದು ಸಿಗಲಿಲ್ಲ. ಎರಡರಲ್ಲಿಯೂ ತಾಳೆ ನೋಡಬಲ್ಲ ಅಂಕಿಯನ್ನು ಮೊದಲೇ ಮುಂದಿಟ್ಟಿದ್ದರು. ತಪ್ಪಾಗುವ ಅವಕಾಶವನ್ನೇ ಇಟ್ಟುಕೊಳ್ಳದ ಕಣಿಗೂ ವಿಜ್ಞಾನಕ್ಕೂ ಇರುವ ಭೇದ ಇದು.

ಪರೀಕ್ಷೆಗೆ ಸರಿಯುತ್ತರ ಬೇಡವೇ ಎಂದು ಸಹೋದ್ಯೋಗಿ ಮಿತ್ರರು ಕೇಳಬಹುದು. ಬೇಕು. ಆದರೆ ಬಂದ ಉತ್ತರಕ್ಕೂ ಪುಸ್ತಕದ ಉತ್ತರಕ್ಕೂ ಇರುವ ಅಂತರಕ್ಕೆ ಕಾರಣ ಬರೆದವನಿಗೂ ಅಂಕ ಮೀಸಲಿಡಿ. ನಮ್ಮ ಪಕ್ಕದ ಪೀಣ್ಯದ ಕಾರ್ಖಾನೆಗಳಲ್ಲಿ ಲೇತ್ ಕೆಲಸಗಾರ ಗೇಜಿಗೆ ಕೂಡದ ಬಿಡಿಭಾಗವನ್ನು ಪಕ್ಕಕ್ಕಿಟ್ಟು ಕಾರಣ ಹುಡುಕುತ್ತಾನೆಯೇ ಹೊರತು ಅಳತೆಯನ್ನು ಸುಳ್ಳಾಗಿ ಬರೆಯುವುದಿಲ್ಲ. ಅಪ್ಪ ಕಾರ್ಖಾನೆಯಲ್ಲಿ ಪಾಲಿಸುವ ಧರ್ಮಕ್ಕೆ ವಿರುದ್ಧವಾದದ್ದನ್ನು ಮಗನಿಗೆ ಪ್ರಯೋಗಶಾಲೆಯಲ್ಲಿ ಕಲಿಸುವುದು ಯಾವ ನ್ಯಾಯ?

ಮರುದಿನ ಹುಡುಗನೂ ನಾನೂ ಕುಳಿತು ಹುಡುಕಿದೆವು. ಅವನು ದಾರವನ್ನಷ್ಟೇ ಅಳೆದಿದ್ದ. ಗುಂಡಿನ ಕೊಕ್ಕೆಯನ್ನೂ ಗುಂಡಿನ ತ್ರಿಜ್ಯವನ್ನೂ ಬಿಟ್ಟಿದ್ದ. ಎರಡೂ ಸೇರಿ 1.8 ಸೆಂಟಿಮೀಟರ್. ಅದನ್ನು ಕೂಡಿಸಿದಾಗ, ಸೆಕೆಂಡುಗಳನ್ನು ಮುಟ್ಟದೆಯೇ, ಉತ್ತರ 9.8ಕ್ಕೆ ಬಂತು. ಹಿಂದಿನ ಸಂಜೆಯೇ ಅಂಕಿ ತಿದ್ದಿದ್ದರೆ ಅಂಕವೇನೋ ಸಿಗುತ್ತಿತ್ತು. ಕೊಕ್ಕೆ ಮಾತ್ರ ಅವನ ಕಣ್ಣಿಗೆ ಎಂದೂ ಬೀಳುತ್ತಿರಲಿಲ್ಲ.