ಹಳೆಯ ಸಮರವಿಮಾನಗಳೂ ನಮ್ಮ ಕರ್ತವ್ಯವೂ

ಯಲಹಂಕದ ವೈಮಾನಿಕ ಪ್ರದರ್ಶನವು 1996ರಲ್ಲಿ ಮೊದಲಾದಂದಿನಿಂದ ನಮ್ಮ ಬೆಟ್ಟಸೀಮೆಯ ಮಹಾಜನರು ರಾತ್ರಿಯ ಬಸ್ಸು ಹಿಡಿದಾದರೂ ಅದನ್ನು ನೋಡಿಬರುತ್ತಿರುವರು. ಹಿಂತಿರುಗಿದವರ ಬಾಯಲ್ಲಿ ಶಬ್ದವನ್ನೂ ಮೀರಿ ಧಾವಿಸುವ ಹೊಸ ವಿಮಾನಗಳದೇ ವರ್ಣನೆ. ನಾವೂ ಕಿವಿ ಮುಚ್ಚಿಕೊಂಡು ಬೆರಗಾದವರೇ. ಆದರೆ ನಮ್ಮ ಮನಸ್ಸಿನಲ್ಲಿ ನೆಲೆನಿಂತ ನೋಟವು ಬೇರೆ. 2015ರ ಪ್ರದರ್ಶನದಲ್ಲಿ ಒಂದರ ಮೇಲೊಂದು ರೆಕ್ಕೆಯುಳ್ಳ ಸ್ಟಿಯರ್‌ಮನ್ ವಿಮಾನಗಳು, ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕೆಯ ಎಳೆಯ ಚಾಲಕರಿಗೆ ಹಾರಾಟ ಕಲಿಸಿದ ಜಾತಿಯವು, ಗುಡುಗುಡು ಸದ್ದು ಮಾಡುತ್ತ ಸಾವಧಾನವಾಗಿ ಸಾಗಿದುವು. ಅವನ್ನು ಕಂಡು ಮುದುಕರೂ ಮಕ್ಕಳೂ ಒಂದೇ ಸಮನೆ ಕೈ ಬೀಸಿದರು.

ಆ ಸಂತೋಷದ ನಡುವೆಯೇ ನಮಗೊಂದು ಯೋಚನೆ ಹುಟ್ಟಿತು. ನಮ್ಮವು ಎಲ್ಲಿ?

1940ರಲ್ಲಿ ವಾಲಚಂದ್ ಹೀರಾಚಂದರ ಸಾಹಸದಿಂದಲೂ ಮೈಸೂರು ಸರಕಾರದ ನೆರವಿನಿಂದಲೂ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆ ಹುಟ್ಟಿತು. ಯುದ್ಧ ಮುಗಿದ ಬಳಿಕ ಪರಸೇನೆಯವರು ಲಿಬರೇಟರ್ ಎಂಬ ಭಾರಿ ಬಾಂಬರುಗಳನ್ನು ಮತ್ತೆ ಹಾರದಂತೆ ಕೆಡಿಸಿ ಕಾನಪುರದಲ್ಲಿ ಬಿಟ್ಟುಹೋಗಿದ್ದರು. 1948ರಲ್ಲಿ ಅವನ್ನು ಹೇಗೋ ಬೆಂಗಳೂರಿಗೆ ಹಾರಿಸಿ ತಂದು, ನಮ್ಮ ಕೆಲಸಗಾರರು ಒಂದೊಂದನ್ನೂ ಹೊಸದೆಂಬಂತೆ ಮಾಡಿದರು. ಗುಜರಿಯೆಂದು ಬಿಸುಟ ಆ ವಿಮಾನಗಳು 1968ರ ವರೆಗೆ ನಮ್ಮ ವಾಯುಸೇನೆಯಲ್ಲಿ ದುಡಿದುವು. ಇಷ್ಟಾಗಿ ಅವುಗಳ ಗತಿಯೇನು? ಕೆಲವು ಬ್ರಿಟನ್, ಅಮೆರಿಕೆ, ಕೆನಡಾ ದೇಶಗಳ ವಸ್ತುಸಂಗ್ರಹಾಲಯಗಳನ್ನು ಸೇರಿದುವು. ಒಂದನ್ನು ಅಮೆರಿಕದ ಸಂಸ್ಥೆಯೊಂದು ರಿಪೇರಿ ಮಾಡಿಸಿ, 1989ರಿಂದ ಬಹುಕಾಲ ತನ್ನ ಊರೂರುಗಳ ಮೇಲೆ ಹಾರಿಸಿತು. ನಮ್ಮವರ ಕೈ ಬದುಕಿಸಿದ ವಿಮಾನವನ್ನು ನೋಡುವ ಪುಣ್ಯ ಅಲ್ಲಿನ ಮಕ್ಕಳದಾಯಿತು!

1947ರ ಅಕ್ಟೋಬರ್ 27ರಂದು ಸಿಖ್ ಪಡೆಯನ್ನು ಶ್ರೀನಗರಕ್ಕೆ ಮುಟ್ಟಿಸಿ ಕಾಶ್ಮೀರವನ್ನು ಉಳಿಸಿದ್ದು ಡಕೋಟಾ ವಿಮಾನ. ಆ ಜಾತಿಯ ಒಂದು ವಿಮಾನವನ್ನು ಶ್ರೀ ರಾಜೀವ್ ಚಂದ್ರಶೇಖರರು ಡಕೋಟಾ ಚಾಲಕರಾಗಿದ್ದ ತಮ್ಮ ತಂದೆಯವರ ಗೌರವಾರ್ಥ ಬ್ರಿಟನ್ನಿನಲ್ಲಿ ಸರಿಪಡಿಸಿ ವಾಯುಸೇನೆಗೆ ಒಪ್ಪಿಸಿದರು. ‘ಪರಶುರಾಮ’ನೆಂಬ ಹೆಸರಿನಿಂದ ಅದು 2018ರಲ್ಲಿ ಸೇನೆಯನ್ನು ಸೇರಿತು. ಇದು ಸ್ತುತ್ಯವಾದ ಕಾರ್ಯ. ಆದರೆ ಲಿಬರೇಟರುಗಳನ್ನು ಎಬ್ಬಿಸಿ ನಿಲ್ಲಿಸಿದ ನಾಡು ಒಂದು ಡಕೋಟಾವನ್ನು ಸರಿಪಡಿಸುವುದಕ್ಕೆ ಪರದೇಶವನ್ನು ನೋಡಬೇಕಾದುದು ವಿಷಾದಕರ.

ಹಳೆಯ ಕಬ್ಬಿಣಕ್ಕೆ ಹಣ ಸುರಿಯುವುದೇಕೆಂದು ಕೆಲವರು ಕೇಳಬಹುದು. ಅಂಥವರು ಮೂಡಿಗೆರೆಗೋ ಕಳಸಕ್ಕೋ ಒಮ್ಮೆ ಬರಲಿ. ನಮ್ಮ ಕಾಫಿತೋಟಗಳ ಕಡಿದಾದ ದಾರಿಯಲ್ಲಿ ತಲೆಮಾರು ಕಳೆದ ಜೀಪುಗಳು ಇನ್ನೂ ಹೊರೆ ಎಳೆಯುತ್ತಿವೆ. ಅವನ್ನು ಓಡಿಸುತ್ತಿರುವುದು ಪೆಟ್ರೋಲಲ್ಲ, ಗ್ಯಾರೇಜಿನ ಮೇಸ್ತ್ರಿಯಿಂದ ಹುಡುಗನಿಗೆ ಇಳಿದು ಬಂದ ಕೈವಿದ್ಯೆ. ಗಾಡಿ ನಿಂತರೆ ವಿದ್ಯೆಯೂ ನಿಲ್ಲುವುದು. ಗಾಜಿನ ಕೋಣೆಯಲ್ಲಿಟ್ಟ ವಿಮಾನವು ರೂಪವನ್ನು ಮಾತ್ರ ತೋರಿಸೀತು. ಹಾರುವ ವಿಮಾನವು ಅದನ್ನು ಹಾರಿಸಬಲ್ಲವರನ್ನೂ ಉಳಿಸುವುದು.

ಡಾಕ್ಟರ್ ಘಾಟಗೆಯವರ ನೇತೃತ್ವದಲ್ಲಿ ಬೆಂಗಳೂರಿನಲ್ಲಿಯೇ ರಚಿತವಾಗಿ 1951ರಲ್ಲಿ ಮೊದಲು ಹಾರಿದ ಎಚ್.ಟಿ.-2 ವಿಮಾನಕ್ಕೆ ಯಲಹಂಕದ ಪ್ರತಿಯೊಂದು ಪ್ರದರ್ಶನದಲ್ಲಿಯೂ ಅಗ್ರಸ್ಥಾನ ಸಲ್ಲಬೇಕು. ನಿವೃತ್ತ ಕುಶಲಿಗಳು ಬದುಕಿರುವಾಗಲೇ ತರುಣರನ್ನು ಅವರ ಕೈಕೆಳಗೆ ಇರಿಸಿ ಹಳೆಯ ಯಂತ್ರಗಳ ವಿದ್ಯೆಯನ್ನು ಕಲಿಸಬೇಕು. ಅಧಿಕಾರಿಗಳು ಕಡತವನ್ನು ಬದಿಗಿರಿಸಿ ಈ ಮಾತನ್ನು ಆಲೋಚಿಸುವರೆಂದು ನಂಬಿದ್ದೇವೆ. ಯಂತ್ರ ಕಾಯಬಹುದು, ಮುಪ್ಪಿನ ಕೈಗಳು ಕಾಯಲಾರವು.